ತಂಗಿಯ ವೀಸಾ ತಾಲೀಮು

ಕೆಲವರ ಮನೆಯಲ್ಲಿ ಕೆಲಸಗಳು ತಾವಾಗಿಯೇ ಆಗಿಬಿಡುತ್ತವೆ. ನಮ್ಮ ಮನೆಯಲ್ಲಿ ಹಾಗಿಲ್ಲ. ನಾವು ಸೀದಾ ಬಾಗಿಲಿನಿಂದ ಹೊರಟರೂ ಹೊಸ್ತಿಲು ಎಡವಿಯೇ ಹೊರಗೆ ಬೀಳುತ್ತೇವೆ. ಬಿದ್ದದ್ದನ್ನು ನೋಡಲು ಓಣಿಯ ಮಂದಿ ಹೇಳಿಕಳಿಸಿದ ಹಾಗೆ ಅಲ್ಲಿ ನಿಂತಿರುತ್ತಾರೆ. ನಾನು ಶಿರಹಟ್ಟಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದವ. ಇಂಥ ಪ್ರಸಂಗಗಳು ನನ್ನ ಜನ್ಮದಲ್ಲಿ ಬೇಕಾದಷ್ಟು ಆಗಿವೆ. ಆದರೆ ಕರ್ನಾಟಕ ಒಂದಾದ ಹೊಸತರಲ್ಲಿ ನನ್ನ ತಂಗಿಯನ್ನು ಆಫ್ರಿಕಾಕ್ಕೆ ಕಳಿಸಲು ನಾವು ಪಟ್ಟ ಪಾಡಿದೆಯಲ್ಲ, ಅದರ ಮುಂದೆ ಉಳಿದವೆಲ್ಲ ಸಪ್ಪೆ. ಈಗ ನೆನೆದರೆ ನಗು ಬರುತ್ತದೆ. ಆಗ ನನಗೆ ಊಟ ಸೇರುತ್ತಿರಲಿಲ್ಲ.

ತಂಗಿಯ ಗಂಡ ಮುಂಡರಗಿಯವ, ಹೆಸರು ಸೋಮಪ್ಪ. ಗದಗಿನಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಫಿಟರ್ ಆಗಿದ್ದ. ಯಂತ್ರದ ಸದ್ದು ಕೇಳಿಯೇ ಯಾವ ನಟ್ಟು ಸಡಿಲಾಗಿದೆ ಎಂದು ಹೇಳುವಷ್ಟು ಜಾಣ. ಅದನ್ನು ಕಂಡ ಒಬ್ಬ ಗುಜರಾತಿ ಸೇಠ ಅವನನ್ನು ಯುಗಾಂಡಾದಲ್ಲಿದ್ದ ತನ್ನ ಜಿನ್ನಿಗೆ ಕರೆದೊಯ್ದ. ಆಗ ಮದುವೆಯಾಗಿ ಮೂರೇ ತಿಂಗಳು. ವರ್ಷದೊಳಗೆ ಕರೆಸಿಕೊಳ್ಳುತ್ತೇನೆ ಎಂದು ಹೋದವನಿಗೆ ನಾಲ್ಕು ವರ್ಷವಾದರೂ ಕರೆಸಿಕೊಳ್ಳಲು ಆಗಲಿಲ್ಲ. ತಪ್ಪು ಅವನದಲ್ಲ, ಅಲ್ಲಿಯ ಸರಕಾರದ ಅಪ್ಪಣೆ ಸಿಗಬೇಕಿತ್ತು. ಅಲ್ಲಿಯವರೆಗೆ ತಂಗಿ ನಮ್ಮ ಮನೆಯಲ್ಲಿ. ಓಣಿಯ ಹೆಂಗಸರು ಮೊದಲ ವರ್ಷ “ಯಾವಾಗ ಹೋಗ್ತಿ?” ಎಂದು ಕೇಳುತ್ತಿದ್ದರು. ಎರಡನೆಯ ವರ್ಷ “ಕಾಗದ ಬರ್ತಾವೇನು?” ಎಂದು ಕೇಳಿದರು. ನಾಲ್ಕನೆಯ ವರ್ಷ ಏನನ್ನೂ ಕೇಳುತ್ತಿರಲಿಲ್ಲ. ಅವರು ಕೇಳದೆ ಇದ್ದುದೇ ಅವಳಿಗೆ ಹೆಚ್ಚು ನೋಯುತ್ತಿತ್ತು.

ಕೊನೆಗೊಮ್ಮೆ ಮುಂಬಯಿಯಿಂದ ಕಾಗದ ಬಂತು. ಆ ನಾಡಿನ ವೀಸಾ ಕಚೇರಿ ಅಲ್ಲಿತ್ತು. ಹೆಂಡತಿ ಎಂಬವಳು ಇಂಥ ದಿನ ಖುದ್ದಾಗಿ ಹಾಜರಾಗಬೇಕು, ಸಾಹೇಬರು ಪ್ರಶ್ನೆ ಕೇಳುತ್ತಾರೆ, ಉತ್ತರಗಳು ಗಂಡ ಬರೆದುಕೊಟ್ಟಿದ್ದಕ್ಕೆ ತಾಳೆಯಾಗಬೇಕು, ಸಂಶಯ ಬಂದರೆ ಅರ್ಜಿ ಖಾರಿಜು, ಮತ್ತೆ ಹಾಕುವ ಹಾಗಿಲ್ಲ.

ಇಂಗ್ಲಿಷಿನಲ್ಲಿದ್ದ ಅದನ್ನು ತಂಗಿ ನನ್ನಿಂದ ಓದಿಸಿಕೊಂಡು ನನ್ನ ಮುಖ ನೋಡಿದಳು.

“ಹೆಂಡ್ತಿ ಎಂಬವಳು ಅಂದ್ರೇನಣ್ಣಾ? ನಾ ಹೆಂಡ್ತಿ ಅಲ್ಲೇನು?”

“ಸರಕಾರದವರು ಹಂಗs ಬರೀತಾರ. ನನ್ನನ್ನೂ ಮಾಸ್ತರ ಎಂಬವ ಅಂತಾರ” ಎಂದೆ. ಅವಳು ನಗಲಿಲ್ಲ. ಕೈಯಲ್ಲಿದ್ದದ್ದು ಎರಡೇ ತಿಂಗಳು.

೧. ಯಾವ ಬಣ್ಣದ ಸೀರೆ?

ಅದರ ಬೆನ್ನಿಗೇ ಸೋಮಪ್ಪನ ಕಾಗದವೂ ಬಂತು. ಫಾರ್ಮಿನಲ್ಲಿ ತಾನು ಬರೆದ ಉತ್ತರಗಳನ್ನೆಲ್ಲ ಸಾಲಾಗಿ ನಕಲು ಮಾಡಿ ಕಳಿಸಿದ್ದ. ಮದುವೆ ಮುಂಡರಗಿಯಲ್ಲಿ, ಮನೆಯ ಮುಂದಿನ ಹಂದರದಲ್ಲಿ. ಮನೆಗೆ ಮೂರು ಕಿಟಕಿ. ಬಾಗಿಲ ಎದುರು ಬೇವಿನ ಮರ. ತಂಗಿ ಒಂದೊಂದಕ್ಕೂ ತಲೆಯಾಡಿಸುತ್ತ ಬಂದಳು. ಕೊನೆಯ ಸಾಲಿಗೆ ಬಂದು ನಿಂತುಬಿಟ್ಟಳು. ಮದುವೆಯ ದಿನ ಹೆಂಡತಿ ಉಟ್ಟ ಸೀರೆ: ಹಸಿರು.

“ಹಸರು? ನಂದು ಅರಿಷಿಣದ ಬಣ್ಣದ ಸೀರಿ. ಹಸರು ಉಟ್ಟಾಕಿ ನಮ್ಮ ಚಿಗವ್ವ! ಇವರು ಅವತ್ತು ಆಕಿನ್ನ ನೋಡಿಕೋಂತ ಕುಂತಿದ್ರೇನು?”

“ಇರಲಿ ಬಿಡವಾ, ನೀನೂ ಹಸರು ಅಂತ ಹೇಳಿದ್ರಾತು.”

“ಸುಳ್ಳ ಹೇಳಿ ಗಂಡನ ಮನಿಗೆ ಹೋಗೂದು ನನಗ ಬ್ಯಾಡ.”

ಮೂರು ದಿನ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾಲ್ಕನೆಯ ದಿನ ತಾನೇ ಕುಳಿತು ಗಂಡನಿಗೆ ಒಂದು ಕಾಗದ ಬರೆದಳು. ಏನು ಬರೆದಳೋ ಗೊತ್ತಿಲ್ಲ, ಅಂಟಿಸುವಾಗ ಲಕೋಟೆಯ ಮೇಲೆ ಗುದ್ದಿದ್ದನ್ನು ಮಾತ್ರ ಕಂಡೆ. ವಿಮಾನದ ಟಪಾಲು ಹೋಗಿಬರಲು ಮೂರು ವಾರ ಬೇಕು. ಇದ್ದ ಎರಡು ತಿಂಗಳಲ್ಲಿ ಮೂರು ವಾರ ಸೀರೆಗೇ ಹೋಯಿತು. ನಾನು ದಿನಾ ಟಪಾಲಿನವನ ದಾರಿ ಕಾಯುತ್ತ ಪಾಠ ಮಾಡುತ್ತಿದ್ದೆ. ಭೂಗೋಳದ ತಾಸಿನಲ್ಲಿ ತುಂಗಭದ್ರೆಯನ್ನು ಯುಗಾಂಡಾಕ್ಕೆ ಹರಿಸಿಬಿಟ್ಟೆ.

ಉತ್ತರ ಬಂತು. ತಂಗಿ ಅದನ್ನು ಅಡುಗೆಮನೆಗೆ ಒಯ್ದು ಓದಿ, ಹೊರಗೆ ಬಂದು ಮೆತ್ತಗೆ ಹೇಳಿದಳು: “ಹಸರು ಅಂತನs ಹೇಳ್ತೀನಿ ತಗೋ.”

ಇನ್ನೊಬ್ಬರ ಕಾಗದ ಓದಬಾರದು. ಮರುದಿನ ಗೋಡೆಯ ಗೂಡಿನಲ್ಲಿ ಮಡಿಚಿಡದೆ ಬಿಟ್ಟಿದ್ದಳು, ಒಂದೇ ಸಾಲು ಓದಿದೆ: “ಸೀರೆ ಯಾವುದೆಂದು ನಾನು ನೋಡಲಿಲ್ಲ, ನಿನ್ನ ಮುಖ ನೋಡುತ್ತಿದ್ದೆ, ಫಾರ್ಮಿನಲ್ಲಿ ಖಾಲಿ ಬಿಡುವಂತಿರಲಿಲ್ಲವೆಂದು ಏನೋ ಒಂದು ಬರೆದೆ.” ನಟ್ಟು ಬಿಗಿಯುವವನಿಗೆ ಹೀಗೆ ಬರೆಯಲು ಬರುತ್ತದೆಂದು ನಾನು ಎಣಿಸಿರಲಿಲ್ಲ.

ನಾನು ಓದಿದ್ದನ್ನು ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ನಮ್ಮ ಮದುವ್ಯಾಗ ನಂದು ಯಾವ ಬಣ್ಣದ ಸೀರಿ ಹೇಳ್ರಿ ನೋಡೂಣು?”

ಶಾಲೆಗೆ ಹೊತ್ತಾಯಿತೆಂದು ರುಮಾಲು ಸುತ್ತಿಕೊಂಡು ಹೊರಟುಬಿಟ್ಟೆ. ಅಂದು ರವಿವಾರ.

೨. ಅಯ್ಯನವರ ನೆನಪು

ಮದುವೆಯಾದದ್ದಕ್ಕೆ ಪುರಾವೆ ಬೇಕಿತ್ತು. ನಮ್ಮ ಕಡೆ ಆಗ ಮದುವೆಗೆ ಪುರಾವೆಯೆಂದರೆ ಉಂಡು ಹೋದ ಮಂದಿ. ಲಗ್ನಪತ್ರಿಕೆ ಒಂದು ಉಳಿದಿತ್ತು. ಅದನ್ನು ತಂಗಿ ಭಕ್ತಿಯಿಂದ ದೇವರ ಜಗಲಿಯ ಮೇಲೆ ಇಟ್ಟಿದ್ದಳು, ಇಲಿ ಅದನ್ನು ಅಷ್ಟೇ ಭಕ್ತಿಯಿಂದ ತಿಂದಿತ್ತು. ವರನ ಹೆಸರು ಉಳಿದಿತ್ತು, ವಧು ಇಲಿಯ ಹೊಟ್ಟೆಯಲ್ಲಿದ್ದಳು.

ಇನ್ನು ಮದುವೆ ಮಾಡಿಸಿದ ಅಯ್ಯನವರೇ ಗತಿ ಎಂದು ಮುಂಡರಗಿಗೆ ಹೋದೆ. ಅವರು ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದರು. ವಿಷಯ ಹೇಳಿದೆ.

“ಯಾವ ಮದುವಿಪಾ? ಆ ಬ್ಯಾಸಗಿಯೊಳಗ ದಿನಕ್ಕೆರಡು ಮಾಡಿಸೇನಿ. ಎಲ್ಲಾರ ಮಾರಿನೂ ಒಂದs ಕಂಡಾವು.”

ಹಂದರ ಹೇಳಿದೆ, ಬೇವಿನ ಮರ ಹೇಳಿದೆ, ಬ್ಯಾಂಡಿನವರ ಹೆಸರು ಹೇಳಿದೆ. ಅವರು ಪ್ರತಿಯೊಂದಕ್ಕೂ “ಇರಬೇಕು, ಇರಬೇಕು” ಎನ್ನುತ್ತಿದ್ದರು. ನೆನಪಿಲ್ಲದ್ದನ್ನು ಬರೆದುಕೊಡುವುದಿಲ್ಲ ಎಂದರು. ಇವರೊಬ್ಬರು ಕೈಬಿಟ್ಟರೆ ನನ್ನ ತಂಗಿಗೆ ಮದುವೆಯೇ ಆಗಿಲ್ಲ ಎಂದಂತೆ. ಕಟ್ಟಕಡೆಗೆ, “ಹೋಳಿಗಿ ಊಟ ಇತ್ತಲ್ರಿ” ಎಂದೆ.

ಅಯ್ಯನವರು ನೆಟ್ಟಗೆ ಕುಳಿತರು. “ತುಪ್ಪ ಕಮ್ಮಿ ಬಿದ್ದ ಮದುವಿ?”

ತುಪ್ಪದ ಜವಾಬ್ದಾರಿ ಅಂದು ನನ್ನದೇ ಆಗಿತ್ತು. ತಲೆ ತಗ್ಗಿಸಿ “ಹೌದ್ರಿ” ಎಂದೆ.

“ಹಂಗ ಹೇಳು ಮತ್ತ! ತಾ ಕಾಗದ.” ಅವರು ದುಂಡಾದ ಅಕ್ಷರದಲ್ಲಿ ಬರೆದರು: ಇಂಥವರ ಮಗನಿಗೂ ಇಂಥವರ ಮಗಳಿಗೂ ನಾನೇ ಮದುವೆ ಮಾಡಿಸಿದ್ದೇನೆ, ಆ ದಿನ ಎರಡನೆಯ ಪಂಕ್ತಿಗೆ ತುಪ್ಪ ಸಾಲಲಿಲ್ಲ, ನಾನು ಎರಡನೆಯ ಪಂಕ್ತಿಯಲ್ಲಿದ್ದೆ. ಕೆಳಗೆ ಸಹಿ.

“ಅಯ್ಯನವರs, ಆ ತುಪ್ಪದ ಮಾತು ತಗದ್ರ ಚಲೋ ಆಗ್ತದರಿ. ಇದು ಸಾಹೇಬರ ಕೈಗೆ ಹೋಗೂದು.”

“ತಗೀತೀನಿ. ಆದ್ರ ಅದನ್ನ ತಗದ್ರ ನನಗ ಈ ಮದುವಿ ನೆನಪs ಇಲ್ಲ.”

ಸುಮ್ಮನೆ ಮಡಿಚಿ ಜೇಬಿಗೆ ಇಟ್ಟುಕೊಂಡೆ. ಅದರ ಇಂಗ್ಲಿಷ್ ತರ್ಜುಮೆಯನ್ನೂ ನಾನೇ ಮಾಡಬೇಕಾಯಿತು, ‘ಇದು ಸತ್ಯವಾದ ತರ್ಜುಮೆ’ ಎಂದು ಕೆಳಗೆ ನಾನೇ ಸಹಿ ಹಾಕಬೇಕಾಯಿತು.

೩. ಹುಟ್ಟಿದ್ದು ಖರೆ

ಮುಂದಿನದು ಹುಟ್ಟಿದ ದಾಖಲೆ. ತಂಗಿ ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ, ನಮ್ಮ ಅವ್ವನ ತವರಿನಲ್ಲಿ. ಅವಳು ಹುಟ್ಟಿದಾಗ ಲಕ್ಷ್ಮೇಶ್ವರ ಮೀರಜ ರಾಜರ ಕಡೆ. ಅವಳು ಬೆಳೆದ ಶಿರಹಟ್ಟಿ ಸಾಂಗ್ಲಿ ರಾಜರ ಕಡೆ. ಗಂಡನ ಊರು ಮುಂಡರಗಿ ಇಂಗ್ರಜರ ಕಡೆ. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳು ಹೋಗಿ ಎಲ್ಲವೂ ಮುಂಬಯಿ ಕಡೆ ಆದವು. ಈಗ ಏಕೀಕರಣವಾಗಿ ಎಲ್ಲವೂ ಮೈಸೂರಿನ ಕಡೆ. ಏಕೀಕರಣಕ್ಕೆ ಜಯವಾಗಲಿ ಎಂದು ಗಂಟಲು ಹರಿಯುವಂತೆ ಕೂಗಿದವರಲ್ಲಿ ನಾನೂ ಒಬ್ಬ. ಆದರೆ ಅದು ನಮ್ಮ ಅರ್ಜಿ ಮುಗಿದ ಮೇಲೆ ಆಗಿದ್ದರೆ ಇನ್ನೂ ಜೋರಾಗಿ ಕೂಗುತ್ತಿದ್ದೆ.

ತಂಗಿಯನ್ನು ಕರೆದುಕೊಂಡು ಲಕ್ಷ್ಮೇಶ್ವರದ ಒಂದು ಕಚೇರಿಗೆ ಹೋದೆ. ಬಾಗಿಲ ಮೇಲಿನ ಬೋರ್ಡಿನ ಹೊಸ ಬಣ್ಣ ಇನ್ನೂ ಒಣಗಿರಲಿಲ್ಲ. ಒಳಗಿದ್ದ ಕಾರಕೂನರು ಮರ್ಯಾದಸ್ಥರು, ಕುಂಡ್ರಿ ಎಂದರು, ಎಲ್ಲ ಕೇಳಿಕೊಂಡರು, ಆಮೇಲೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು.

“ಮಾಸ್ತರ, ಬರಕೊಡಾಕ ನನಗೇನೂ ಇಲ್ಲ. ಆದ್ರ ಮುದ್ರೀ ಶಿಕ್ಕಾ ಯಾವುದು ಹೊಡೀಲಿ? ಆಕಿ ಹುಟ್ಟಿದ್ದು ರಾಜರ ಶಿಕ್ಕಾದಾಗ. ಅದು ರಾಜರ ಕೂಡ ಹೋತು. ಮುಂಬಯಿ ಶಿಕ್ಕಾ ಮೊನ್ನೆ ಗಂಟು ಕಟ್ಟಿ ಕಳಿಸೇವಿ. ಮೈಸೂರದು ಇನ್ನೂ ದಾರ್ಯಾಗ ಐತಿ.”

“ದಾರ್ಯಾಗ ಅಂದ್ರ ಎಲ್ಲೆರಿ?”

“ಅದು ಗೊತ್ತಿದ್ರ ನಾನs ಹೋಗಿ ತರ್ತಿದ್ದೆ.”

“ನಮಗ ಇನ್ನ ಮೂರ ವಾರ ಅಷ್ಟs ಉಳದಾವ್ರಿ” ಎಂದೆ.

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ತಂಗಿ ಬಾಯಿ ಬಿಟ್ಟಳು: “ನಾ ಎಲ್ಲೂ ಹೋಗಿಲ್ರಿ ಕಾಕಾ. ಇಲ್ಲೆ ಹುಟ್ಟಿ ಶಿರಹಟ್ಯಾಗ ಬೆಳದೇನಿ. ಬದಲಿ ಆದವರು ನೀವು. ನಾ ಏನ ತಪ್ಪ ಮಾಡೇನಿ?”

ಕಾರಕೂನರು ಟಾಕಿನ ಲೇಖಣಿಯನ್ನು ಮಸಿಯಲ್ಲಿ ಅದ್ದಿ ಬರೆದು, ಸಹಿ ಮಾಡಿ, ಶಿಕ್ಕಾದ ಜಾಗದಲ್ಲಿ ತಮ್ಮ ಹೆಬ್ಬೆಟ್ಟನ್ನೇ ಒತ್ತಿ ಕೊಟ್ಟರು. ಹೊರಗೆ ಬಂದು ಓದಿದೆ: “ಸದರಿ ಹೆಣ್ಣುಮಗಳು ಈ ಊರಲ್ಲಿ ಹುಟ್ಟಿದ್ದು ಖರೆ. ಪುರಾವೆ: ಬರೆಯುವಾಗ ನನ್ನ ಎದುರಿಗೆ ನಿಂತಿದ್ದಳು.”

೪. ಮೂರನೆಯ ಕೈ

ಗಂಡ ಹೆಂಡತಿ ಕೂಡಿದ ಫೋಟೋ ಇದ್ದರೆ ತರಬೇಕು ಎಂದು ಕಾಗದದಲ್ಲಿತ್ತು. ಇದ್ದರೆ ಎಂದರೆ ಇಲ್ಲದಿದ್ದರೂ ನಡೆಯುತ್ತದೆ ಎಂದು ಅರ್ಥ. ಭಯದಲ್ಲಿದ್ದವನಿಗೆ ಅಷ್ಟು ಅರ್ಥವಾಗುವುದಿಲ್ಲ. ಗದಗಿನಲ್ಲಿ ಒಬ್ಬ ಫೋಟೋದವನಿದ್ದ. “ಗಂಡಸರ ಫೋಟೋ ಬ್ಯಾರೆ, ಹೆಣಮಕ್ಕಳ ಫೋಟೋ ಬ್ಯಾರೆ ಕೊಡ್ರಿ. ಎರಡೂ ಕೂಡಿಸಿ ಲಗ್ನ ಮಾಡಿಕೊಡ್ತೀನಿ” ಎಂದ. ಸೋಮಪ್ಪ ಆಫ್ರಿಕಾದಿಂದ ಕಳಿಸಿದ್ದ ಫೋಟೋ ಕೊಟ್ಟೆ. ಅದರಲ್ಲಿ ಅವನು ಕೋಟು ಹಾಕಿ ಗೆಳೆಯನೊಬ್ಬನ ಪಕ್ಕ ನಿಂತಿದ್ದ.

ತಂಗಿಯದು ಅಲ್ಲಿಯೇ ತೆಗೆದರು. ಸೆರಗು ಸರಿಸಿ ಕಿವಿ ಕಾಣಿಸಬೇಕೆಂದು ಅವನು, ಆಗುವುದಿಲ್ಲವೆಂದು ಅವಳು. ಅರ್ಧ ತಾಸು ಜಗ್ಗಾಟವಾಗಿ ಒಂದು ಕಿವಿಗೆ ಒಪ್ಪಂದವಾಯಿತು.

ವಾರದ ನಂತರ ಹೋಗಿ ಲಕೋಟೆ ತೆಗೆದುಕೊಂಡೆ. ತರಾತುರಿಯಲ್ಲಿ ನೋಡಿದರೆ ಚಂದವೇ ಇತ್ತು. ಗಂಡ ನಿಂತಿದ್ದ, ಹೆಂಡತಿ ಕುಳಿತಿದ್ದಳು. ಬಸ್ಸಿನಲ್ಲಿ ಕುಳಿತು ಸಮಾಧಾನವಾಗಿ ನೋಡಿದೆ. ಸೋಮಪ್ಪನ ಒಂದು ಕೈ ಕೋಟಿನ ಜೇಬಿನಲ್ಲಿತ್ತು. ಇನ್ನೊಂದು ಕೈ ಕುರ್ಚಿಯ ಮೇಲಿತ್ತು. ಮತ್ತೊಂದು ಕೈ ಅವನ ಹೆಗಲ ಮೇಲಿತ್ತು. ಗೆಳೆಯನನ್ನು ಕತ್ತರಿಸಿದ ಫೋಟೋದವ ಗೆಳೆಯನ ಕೈಯನ್ನು ಮರೆತಿದ್ದ. ಪಕ್ಕದಲ್ಲಿ ಕುಳಿತಿದ್ದವರು ಇಣುಕಿ ನೋಡಿ, “ಹೆಣಮಗಳ ಕೈ ಭಾಳ ಉದ್ದ ಅದಾವಲ್ರಿ” ಎಂದರು.

ಇದನ್ನು ಸಾಹೇಬರಿಗೆ ತೋರಿಸಿದರೆ ಖೋಟಾ ಮದುವೆಯೆಂದು ಅಲ್ಲಿಯೇ ಹಿಡಿದು ಕೂರಿಸುತ್ತಾರೆ! ಮನೆಗೆ ಬಂದವನೇ ಒಲೆಗೆ ಹಾಕಲು ಹೋದೆ. ತಂಗಿ ಕಸಿದುಕೊಂಡು ತನ್ನ ಟ್ರಂಕಿನಲ್ಲಿಟ್ಟಳು.

“ಇರಲಿ ಬಿಡೋ ಅಣ್ಣಾ. ಅಲ್ಲೆ ತಾವs ಅಡಿಗಿ ಮಾಡ್ಕೊಂತಾರ, ತಾವs ಅರಿವಿ ಒಗೀತಾರ. ಇನ್ನೊಂದು ಕೈ ಇದ್ರ ಚಲೋನ ಆತು.”

೫. ಬೇಲೀಫ ಕಾಕಾನ ತಾಲೀಮು

ಕಾಗದಗಳು ಮುಗಿದವು, ಇನ್ನು ಉಳಿದದ್ದು ಬಾಯಿ. ನಮ್ಮ ಓಣಿಯಲ್ಲಿ ಒಬ್ಬ ಬೇಲೀಫ ಕಾಕಾ ಇದ್ದ. ಗದಗಿನ ಕೋರ್ಟಿನಲ್ಲಿ ಜನ್ಮವೆಲ್ಲ ವಾದಿ ಪ್ರತಿವಾದಿಗಳ ಹೆಸರು ಕೂಗಿ ರಿಟಾಯರ್ ಆದವ. ಊರಲ್ಲಿ ಸಾಹೇಬರನ್ನು ಹತ್ತಿರದಿಂದ ಕಂಡವ ಅವನೊಬ್ಬನೇ. ಮುಂಬಯಿಯ ಕಾಗದ ಬಂದ ದಿನದಿಂದಲೂ ಸಂಜೆಗೊಮ್ಮೆ ಬಂದು, ಕರಿ ಕೋಟು ತೊಟ್ಟು, ನಮ್ಮ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ.

“ಈಗ ನಾ ಸಾಹೇಬ. ನೀ ಅರ್ಜಿದಾರಳು. ಹೆಸರು?”

ತನ್ನ ಹೆಸರು ಹೇಳಿದಳು.

“ಗಂಡನ ಹೆಸರು?”

ತಂಗಿ ನೆಲ ನೋಡಿದಳು.

ನಮ್ಮ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಮ್ಮಿಯಾಗುತ್ತದೆಂದು ನಂಬಿಕೆ. ನನ್ನ ತಂಗಿ ಇದರಲ್ಲಿ ಎಲ್ಲರಿಗಿಂತ ಒಂದು ಕೈ ಮುಂದೆ. ಸೋಮಪ್ಪನ ಹೆಂಡತಿಯಾದ ದಿನದಿಂದ ಅವಳ ವಾರದಲ್ಲಿ ಸೋಮವಾರವೇ ಇರಲಿಲ್ಲ, ‘ಐತವಾರದ ಮರುದಿನ’ ಇತ್ತು. ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿಯನ್ನು ‘ಆ ದೊಡ್ಡ ಗುಡಿ’ ಎನ್ನುತ್ತಿದ್ದಳು.

“ಕೋರ್ಟಿನ್ಯಾಗ ಹಿಂಗ ಸುಮ್ಮನ ನಿಂತ್ರ ಕೇಸ್ ಖಾರಿಜ್” ಎಂದ ಕಾಕಾ.

“ಕಾಕಾ, ಅವರು ಯಂತ್ರದ ಬಾಯಾಗ ಕೈ ಹಾಕಿ ದುಡಿಯೂ ಮನಶ್ಯಾರು. ನಾ ಇಲ್ಲೆ ಅಂದು, ಅಲ್ಲೆ ಏನರ ಆದ್ರ?”

ಕಾಕಾ ಕುರ್ಚಿ ಮುಂದಕ್ಕೆ ಎಳೆದುಕೊಂಡ. “ನೀ ಅನ್ನದಿದ್ರ ಇಲ್ಲೇ ಉಳೀತಿ. ಅಲ್ಲೆ ಅಂವ ಹಸೀಬಿಸಿ ತಿಂದು ಆಯುಷ್ಯ ಕಳಕೋತಾನ. ಅಂದು ಹೋದ್ರ ಬಿಸಿ ರೊಟ್ಟಿ ಹಾಕಿ ಅದನ್ನ ತುಂಬಿಸಿಕೊಡಬಹುದು.” ಜನ್ಮವಿಡೀ ವಕೀಲರ ಮಾತು ಕೇಳಿದವ!

ತಂಗಿ ಎರಡು ದಿನ ಯೋಚಿಸಿ ಒಪ್ಪಿದಳು. ಹೆಸರು ಹೇಳಿದ ದಿನ ಒಪ್ಪತ್ತು ಊಟ ಮಾಡುತ್ತೇನೆ ಎಂದು ಕರಾರು ಹಾಕಿಕೊಂಡಳು. ಮೊದಲು ಬೀಸುವ ಕಲ್ಲಿನ ಸದ್ದಿನಲ್ಲಿ ಸೇರಿಸಿ ಅಂದಳು. ಆಮೇಲೆ ಗೋಡೆಗೆ ಮುಖ ಮಾಡಿ ಅಂದಳು. ಆಮೇಲೆ ನನ್ನ ಹೆಂಡತಿಯ ಕಿವಿಯಲ್ಲಿ. ದಿನದಿನಕ್ಕೆ ದನಿ ಏರಿತು, ಅವಳು ಸಣ್ಣಗಾದಳು. ಬಳೆಗಳು ಮೊಣಕೈಗೆ ಸರಿಯುತ್ತಿದ್ದವು. ಅದನ್ನು ನೋಡಿಯೂ “ಇನ್ನೊಂದ ಸಲ ಅನ್ನವಾ” ಎನ್ನುತ್ತಿದ್ದವ ನಾನೇ.

ಕಾಕಾನಿಗೆ ಸಮಾಧಾನವಿಲ್ಲ. “ನಾ ಕೇಳಿ ಮುಗಿಸೂದ್ರಾಗ ಉತ್ತರ ಬರಬೇಕು. ತಡ ಆತೋ, ಸಾಹೇಬಗ ಸಂಶೆ ಬಂತು ಅಂತ ತಿಳಿ. ಗಂಟಲಾ ಬಿಚ್ಚು!”

ಹೊರಡುವ ಮುನ್ನಾದಿನ ಕಟ್ಟಕಡೆಯ ತಾಲೀಮು. ಕಾಕಾ ಕೋಟಿನ ಗುಂಡಿ ಹಾಕಿಕೊಂಡು ಗುಡುಗಿದ: “ಗಂಡನ ಹೆಸರು?”

“ಸೋಮಪ್ಪ!”

ಗೂಡಿನಲ್ಲಿದ್ದ ಪಾರಿವಾಳ ಹಾರಿಹೋಯಿತು. ಬಾಗಿಲ ಮುಂದೆ ಹೋಗುತ್ತಿದ್ದ ಚಕ್ಕಡಿ ಗಕ್ಕನೆ ನಿಂತಿತು. ಗಾಡಿ ಹೊಡೆಯುವವ ಹಗ್ಗ ಹಿಡಿದುಕೊಂಡೇ ಒಳಗೆ ಇಣುಕಿದ.

“ಯಾಕಬೇ ತಂಗಿ, ನನ್ನ ಕರದೇನು?”

ತಂಗಿ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಕಾಕಾ ಮೊಣಕಾಲು ಬಡಿದುಕೊಂಡು “ಪಾಸ್! ಪಾಸ್!” ಎಂದು ಕೂಗಿದ.

೬. ಸಾಹೇಬರ ಮುಂದೆ

ಗದಗಿನಲ್ಲಿ ರೈಲು ಹತ್ತಿ, ಹುಬ್ಬಳ್ಳಿ, ಪುಣೆ ದಾಟಿ ಮುಂಬಯಿಗೆ ಹೋದೆವು. ದಾರಿಯಲ್ಲಿ ತಂಗಿ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಪುಣೆ ಬಿಟ್ಟ ಮೇಲೆ ಒಮ್ಮೆ ಕೇಳಿದಳು:

“ಅಣ್ಣಾ, ನಾ ತಪ್ಪಿದ್ರ?”

“ತಪ್ಪೂದಿಲ್ಲ.”

“ತಪ್ಪಿದ್ರ ನಿಮ್ಮ ಮನ್ಯಾಗ ಇರ್ತೀನಿ, ಅದಕ್ಕೇನಿಲ್ಲ. ಆದ್ರ ಓಣ್ಯಾಗಿನವರಿಗೆ ಏನ ಹೇಳಬೇಕು, ಅದನ್ನಷ್ಟು ಈಗs ಹೇಳಿಕೊಡು.”

ಮಾಸ್ತರನಾದ ನನಗೆ ಅದನ್ನು ಹೇಳಿಕೊಡಲು ಬರಲಿಲ್ಲ.

ಕಚೇರಿಯಲ್ಲಿ ಉದ್ದನೆಯ ಬೆಂಚು. ನಮಗಿಂತ ಮೊದಲು ಒಳಗೆ ಹೋಗಿದ್ದ ಒಬ್ಬ ಹೆಣ್ಣುಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತ ಹೊರಗೆ ಬಂದಳು. ಅವಳ ಅರ್ಜಿ ಖಾರಿಜಾಗಿತ್ತು. ತಂಗಿ ನನ್ನ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ನಮ್ಮನ್ನು ಕರೆದರು.

ಸಾಹೇಬ ಬಿಳಿಯ. ಕಾಗದದಿಂದ ತಲೆ ಎತ್ತಲಿಲ್ಲ. ಪಕ್ಕದಲ್ಲಿ ಒಬ್ಬ ದುಭಾಷಿ, ನರೆತ ಮೀಸೆಯವ, ಸೊಲ್ಲಾಪುರದ ಕಡೆಯವನಂತೆ, ನಮ್ಮ ಕನ್ನಡ ಬರುತ್ತಿತ್ತು. ಬಾಯಿ ತೆರೆಯಬಾರದೆಂಬ ಕರಾರಿನ ಮೇಲೆ ನನ್ನನ್ನು ಬಾಗಿಲ ಬಳಿ ಕೂರಿಸಿದರು. ದುಭಾಷಿ ಮೊದಲ ಪ್ರಶ್ನೆಗೆ ಬಾಯಿ ತೆರೆದ.

“ನಿನ್ನ ಗಂಡನ ಹೆಸ…”

“ಸೋಮಪ್ಪ!”

ಸಾಹೇಬ ಬೆಚ್ಚಿ ತಲೆ ಎತ್ತಿದ. ನನಗೆ ಎದೆ ಉಬ್ಬಿತು. ಮನೆಯಲ್ಲಿ ಅಂದದ್ದಕ್ಕಿಂತ ಚೆನ್ನಾಗಿ ಅಂದಿದ್ದಳು.

ಆದರೆ ದುಭಾಷಿ ಪೆನ್ನು ಕೆಳಗಿಟ್ಟ. ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಸಾಹೇಬನ ಕಡೆಗೆ ಬಾಗಿ ಇಂಗ್ಲಿಷಿನಲ್ಲಿ ಹೇಳಿದ: “ಸಾಹೇಬರೇ, ನಾನು ಬಹಳ ವರ್ಷದಿಂದ ಈ ಕುರ್ಚಿಯಲ್ಲಿದ್ದೇನೆ. ಆ ಸೀಮೆಯ ಯಾವ ಹೆಂಡತಿಯೂ ಗಂಡನ ಹೆಸರನ್ನು ಹೀಗೆ ಹೇಳಿದ್ದನ್ನು ಕೇಳಿಲ್ಲ. ಹತ್ತು ಸಲ ಕೇಳಿದರೂ ನೆಲ ನೋಡುತ್ತಾರೆ. ಇವಳು ಕೇಳುವ ಮೊದಲೇ ಕೂಗಿದಳು. ಯಾರೋ ಕಲಿಸಿದ್ದಾರೆ. ಹೆಂಡತಿಯ ಬದಲು ಬೇರೆಯವಳನ್ನು ತಂದಂತಿದೆ.”

ಸಾಹೇಬ ಫೈಲು ಮುಚ್ಚಿದ.

ನನಗೆ ಇಂಗ್ಲಿಷು ಬರುತ್ತದೆ ಎಂಬುದೇ ಆವತ್ತಿನ ಶಾಪ. ಎರಡು ತಿಂಗಳು ಉಪವಾಸ ಕೆಡವಿ ಅವಳ ಬಾಯಿಗೆ ಹಾಕಿದ್ದ ಮಾತೇ ಅವಳ ಬಾಗಿಲು ಮುಚ್ಚಿತ್ತು. ತಡೆಯಲಾರದೆ ಎದ್ದು ನಿಂತು ಇಂಗ್ಲಿಷಿನಲ್ಲಿಯೇ ಕೂಗಿದೆ: “ಸರ್, ಕಲಿಸಿದವನು ನಾನೇ!”

ದುಭಾಷಿ ಸಾಹೇಬನನ್ನು ನೋಡಿದ. ಸಾಹೇಬ ಬಾಗಿಲ ಜವಾನನಾದ ಪಟ್ಟೇವಾಲಾನನ್ನು ನೋಡಿದ. ಪಟ್ಟೇವಾಲಾ ನನ್ನ ರಟ್ಟೆ ಹಿಡಿದು ಹೊರಗೆ ಬಿಟ್ಟ. ಅದು ಅರ್ಧ ಬಾಗಿಲು. ನನ್ನ ತಲೆಗಿಂತ ಎತ್ತರವಿದ್ದುದರಿಂದ ಒಳಗೆ ಏನೂ ಕಾಣದಿದ್ದರೂ ಮಾತೆಲ್ಲ ಕೇಳುತ್ತಿತ್ತು. ಅಲ್ಲಿಯೇ ಗೋಡೆ ಹಿಡಿದು ನಿಂತೆ.

“ಖರೆ ಹೇಳಬೇ. ನೀ ಯಾರ ಹೆಂಡ್ತಿ? ಈ ಹೆಸರು ನಿನಗ ಕಲಿಸಿದವರು ಯಾರು?” ಎಂದು ದುಭಾಷಿ ಕೇಳಿದ.

ನನ್ನ ತಂಗಿ ಶುರು ಮಾಡಿದಳು.

“ಯಾರ ಹೆಂಡ್ತಿ ಅಂತ ಕೇಳ್ತೀರಾ? ನಾಲ್ಕ ವರ್ಷಾತು, ನಾನೂ ಅದನ್ನs ಕೇಳಾಕತ್ತೇನಿ! ಅನ್ನು ಅಂತ ನಮ್ಮಣ್ಣ ಅಂದ. ಅನ್ನು ಅಂತ ಕಾಕಾ ಅಂದ. ಸಾಹೇಬಗ ಬೇಕು ಅಂದ್ರು. ಅಂದೆ. ಅಂದ ದಿನ ಒಪ್ಪತ್ತು ಉಂಡೇನಿ. ಈಗ ಅಂದದ್ದ ತಪ್ಪು ಅಂತೀರಿ? ಅವರು ಯಂತ್ರದಾಗ ಕೈ ಹಾಕಿ ದುಡಿಯೂ ಮನಶ್ಯಾರು. ನೀವು ಕೇಳಿದ್ರಿ ಅಂತ ಅಂದೇನಿ, ನಾಳೆ ಅವರಿಗೆ ಏನರ ಆದ್ರ ನೀವು ಜವಾಬು ಕೊಡ್ತೀರೇನು? ಬರಕೊಡ್ರಿ! ಆ ಸಾಹೇಬಗ ಹೇಳ್ರಿ, ಬರಕೊಡು ಅಂತ! ಅವರಾದ್ರೂ ಎಂಥವರು! ವರ್ಷದಾಗ ಕರಿಸ್ಕೋತೀನಿ ಅಂದು ಹೋದ್ರು. ಕಾಗದದಾಗ ಉಂಡೆ ಅಂತ ಬರೀತಾರ, ಏನ ಉಂಡೆ ಅಂತ ಬರಿಯೂದಿಲ್ಲ. ಜ್ವರ ಬಂದಿತ್ತು ಅಂತ ಬರೀತಾರ, ಹೋತೋ ಇಲ್ಲೋ ಅಂತ ಬರಿಯೂದಿಲ್ಲ. ನನ್ನ ಕಳಸೂದು ಬಿಡೂದು ಆಮ್ಯಾಲ. ಮೊದ್ಲ ತಾರು ಹೊಡದು ಅವರು ಅರಾಮ ಅದಾರೋ ಇಲ್ಲೋ ಕೇಳ್ರಿ!”

ಕಾಲು ತಾಸು ಆ ಕಚೇರಿಯಲ್ಲಿ ಬೇರೆ ಯಾರ ದನಿಯೂ ಕೇಳಲಿಲ್ಲ. ಸಾಹೇಬನನ್ನು ಬೈದಳು, ದುಭಾಷಿಯನ್ನು ಬೈದಳು, ಬಾಗಿಲ ಆಚೆಗಿದ್ದ ನನ್ನನ್ನು ಬೈದಳು, ಸಮುದ್ರದ ಆಚೆಗಿದ್ದ ಗಂಡನನ್ನು ಎಲ್ಲರಿಗಿಂತ ಹೆಚ್ಚು ಬೈದಳು. ಆಮೇಲೆ ಗಲ್ಲ ಗಲ್ಲ ಬಡಿದುಕೊಂಡ ಸದ್ದು. ತಾಳಿ ಕಣ್ಣಿಗೊತ್ತಿಕೊಂಡಿರಬೇಕು, “ಶಿವನs, ನನ್ನ ಬಾಯಿ ತಪ್ಪು, ಅವರಿಗೆ ಹತ್ತದಿರಲಿ” ಎಂದಳು. ಆಮೇಲೆ ಬರೀ ಅಳು.

“ಏನಂತೆ?” ಎಂದ ಸಾಹೇಬ.

ದುಭಾಷಿ ಗಂಟಲು ಸರಿಮಾಡಿಕೊಂಡ. “ಗಂಡನ ಜೀವಕ್ಕೆ ತಮ್ಮಿಂದ ಲಿಖಿತ ಜಾಮೀನು ಕೇಳುತ್ತಿದ್ದಾಳೆ, ಸಾಹೇಬರೇ.”

“ಮತ್ತೇನು?”

“ಇವಳು ಹೆಂಡತಿಯೇ.”

“ಅಲ್ಲವೆಂದು ಆಗ ಹೇಳಿದವ ನೀನೇ.”

“ಆಗ ಹೆಸರು ಹೇಳಿದ್ದಳು. ಈಗ ಕಾಲು ತಾಸು ಬೈದಳಲ್ಲ, ಮಾತುಮಾತಿಗೂ ಗಂಡ ಬಂದ, ಹೆಸರು ಒಮ್ಮೆಯೂ ಬರಲಿಲ್ಲ. ಇದನ್ನು ಯಾರೂ ಕಲಿಸಿಕೊಡಲಾರರು, ಸಾಹೇಬರೇ.”

ಫೈಲು ತೆರೆದ ಸದ್ದು. ಆಮೇಲೆ ಧಪ್ ಎಂದು ಶಿಕ್ಕಾ ಬಿದ್ದ ಸದ್ದು. ನಾನು ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಸ್ವಲ್ಪ ಹೊತ್ತಿಗೆ ದುಭಾಷಿ ತಾನೇ ತಂಗಿಯನ್ನು ಬಾಗಿಲವರೆಗೆ ಕರೆತಂದು ವೀಸಾದ ಕಾಗದ ಕೈಗಿತ್ತ.

ತಂಗಿ ಮೂಗು ಒರೆಸಿಕೊಂಡು ಕೇಳಿದಳು: “ಇನ್ನ ಎಲ್ಲೂ ಹೆಸರು ಕೇಳೂದಿಲ್ಲ ಹೌದಲ್ರಿ?”

“ಒಂದs ಕಡೆ ಕೇಳ್ತಾರಬೇ. ಹಡಗ ಇಳಿಯೂಮುಂದ, ಬಂದರದಾಗ.”

ಮತ್ತೆ ತಾಲೀಮೇ ಎಂದು ನನ್ನ ಜೀವ ಹಾರಿತು. ತಂಗಿ ಕಾಗದವನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೆರಗು ಸರಿಮಾಡಿಕೊಂಡಳು.

“ಅಲ್ಲೆ ಅವರs ನಿಂತಿರ್ತಾರಲ್ರಿ. ಕೈ ಮಾಡಿ ತೋರಸ್ತೀನಿ.”